ಅಕ್ಕ ಹಾಕಿದ ಕುರ್ಚಿಗಳು

ಮೊನ್ನೆ ಕಿರಾಣಿ ಅಂಗಡಿಯಲ್ಲಿ ಲೋಬಾನ ಹಾಕಿದ್ದರು. ಹೊಗೆ ಮೂಗಿಗೆ ತಾಗಿದ್ದೇ ತಡ, ನಮ್ಮ ಆಫೀಸಿನ ಅಕ್ಕ ಎದುರಿಗೆ ಬಂದು ನಿಂತಂತಾಯಿತು. ಹುಮನಾಬಾದಿನಲ್ಲಿ ಕಾರ್ಖಾನೆಗಳ ಕಡೆಯಿಂದ ನಾತದ ಗಾಳಿ ಬೀಸಿದ ದಿನ ಅತಿಥಿಗಳು ಬರುವವರಿದ್ದರೆ, ಆಕೆ ಕಿಟಕಿಗಳನ್ನೆಲ್ಲ ಮುಚ್ಚಿ ಹೀಗೇ ಹೊಗೆ ಹಾಕುತ್ತಿದ್ದಳು...

ನಮ್ಮದು ವಿಶ್ವವಿದ್ಯಾಲಯವೊಂದರ ಜಾಗತಿಕ ಆರೋಗ್ಯ ಸಂಸ್ಥೆಯ ಶಾಖೆ. ನಾನು ಟೈಪಿಂಗ್ ಕೆಲಸಕ್ಕಿದ್ದೆ. ಹೊರದೇಶದ ಅತಿಥಿಗಳಿಗೆ ಕೋಣೆ, ಗಾಡಿ, ಊಟ, ಸಭೆಗೆ ಕುರ್ಚಿ ಎಲ್ಲ ಅಕ್ಕನ ಜವಾಬ್ದಾರಿ. ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದಳು. ಗಂಡನ ಕಿಡ್ನಿ ಕೆಟ್ಟಿತ್ತು. ಆಕೆಯ ನೌಕರಿ ಇರುವತನಕ ಮಾತ್ರ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವನ ಡಯಾಲಿಸಿಸ್ ಪುಕ್ಕಟೆ.

ಅಕ್ಕನ ಕರಾರು ಮುಗಿದಾಗ ಆಫೀಸಿನ ಸಾಹೇಬರು ಆ ಹುದ್ದೆಗೆ ಹೊಸದಾಗಿ ಸಂದರ್ಶನ ಇಟ್ಟರು. “ನೀವೂ ಅರ್ಜಿ ಹಾಕ್ರಿ ಅಕ್ಕಾ. ಹಂಗ ಇಂಟರ್‌ವ್ಯೂದ ವ್ಯವಸ್ಥಾನೂ ನೋಡ್ಕೋರಿ, ನಿಮ್ಮ ಬಿಟ್ರ ಯಾರಿಗಿ ಬರ್ತದ?” ಎಂದರು.

ತನ್ನ ಹುದ್ದೆಗೆ ಬಂದವರಿಗೆಲ್ಲ ಅಕ್ಕನೇ ಕುರ್ಚಿ ಹಾಕಿದಳು, ನೀರು ಕೊಟ್ಟಳು. ಮೋರಖಂಡಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಡುಗುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕುಳಿತು, ಸಾಹೇಬರು ಏನು ಕೇಳುತ್ತಾರೆ, ಏನು ಹೇಳಿದರೆ ಅವರಿಗೆ ಸೇರುತ್ತದೆ, ಎಲ್ಲ ಹೇಳಿಕೊಟ್ಟಳು.

“ಹುಚ್ಚ ಹಿಡದದೇನ ಅಕ್ಕಾ? ನಿನ್ನ ರೊಟ್ಟಿ ಆಕಿ ತಾಟಿಗಿ ನೀನೇ ಹಾಕಾಕತ್ತಿ!” ಎಂದೆ.

“ಬಂದೋರು ನಡುಗಾಕತ್ತಿದ್ರ ನನಗ ಸುಮ್ಮ ಕೂಡಾಕ ಬರಂಗಿಲ್ಲವ್ವಾ.”

ಕೊನೆಗೆ ಅಕ್ಕನ ಸರದಿ. ಸೆರಗು ಸರಿಮಾಡಿಕೊಂಡು ಎದ್ದಳು. ಒಳಗಿನಿಂದ ಸಾಹೇಬರು, “ಅಕ್ಕಾ, ಬರ್ತಾ ಚಹಾ ತರ್ರಿ,” ಎಂದರು. ತಂದಳು. ಕುಡಿದರು. “ನಿಮಗೇನ್ ಕೇಳೂದದ? ನಿಮ್ಮ ಚಹಾ ನಮಗ ಗೊತ್ತೇ ಅದಲ್ಲ!” ಎನ್ನುತ್ತ ಎದ್ದೇಬಿಟ್ಟರು. ಪಕ್ಕದಲ್ಲಿದ್ದವರೂ ನಕ್ಕರು. ಹುಡುಗಿ ಆಯ್ಕೆಯಾದಳು. ಆಕೆಗೆ ಕೆಲಸ ಕಲಿಸಿಕೊಟ್ಟು ಅಕ್ಕ ಹೋದಳು.

ಆಮೇಲೆ ಡಯಾಲಿಸಿಸ್ ಒಮ್ಮೆ ಆದರೆ ಒಮ್ಮೆ ಇಲ್ಲ. ಒಂದು ಮಧ್ಯಾಹ್ನ ಆಫೀಸಿಗೆ ಅಕ್ಕನ ಫೋನ್ ಬಂತು. ಗಂಡನಿಗೆ ಉಸಿರು ಸಿಗುತ್ತಿಲ್ಲ, ಆಸ್ಪತ್ರೆಗೆ ಒಯ್ಯಲು ಗಾಡಿ ಬೇಕು. ಆಫೀಸಿನ ಗಾಡಿ ಆಗ ಬಸವಕಲ್ಯಾಣದ ಕೋಟೆಯ ಮುಂದೆಯೇ ನಿಂತಿತ್ತು. ಅತಿಥಿಗಳು ಒಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋನ್ ಎತ್ತಿದ ಹುಡುಗಿ ಸಾಹೇಬರ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು.

“ಹೊರಗಿನವರಿಗಿ ಗಾಡಿ ಕೊಡಾಕ ಬರಂಗಿಲ್ರಿ ಅಕ್ಕಾ... ನೀವೇ ಕಲಿಸಿದ್ರಿ,” ಎಂದಳು, ಅಳುತ್ತಲೇ.

“ಹೌದವ್ವಾ, ಬರೋಬರಿ ಕಲ್ತಿ,” ಎಂದಳಂತೆ ಅಕ್ಕ. ಅಷ್ಟೇ.

ಬಾಡಿಗೆ ಆಟೋ ದಾರಿಯಲ್ಲಿನ ರಾಜೇಶ್ವರ ಊರು ದಾಟುವುದರೊಳಗೆ ಅವನ ಜೀವ ಹೋಗಿತ್ತು.

ಅಕ್ಕ ಈಗ ಬಸವಕಲ್ಯಾಣದಲ್ಲಿಲ್ಲ. ಗಡಿಯಾಚೆ ಎಲ್ಲೋ ಹೋದಳೆನ್ನುತ್ತಾರೆ, ಯಾವ ಊರೋ... ಆಕೆಯ ನಂಬರಿಗೆ ಫೋನ್ ಹಚ್ಚಿದರೆ ಬೇರೆ ಯಾರೋ ಎತ್ತಿ, ಮರಾಠಿಯಲ್ಲಿ ಯಾರು ಬೇಕೆಂದು ಕೇಳುತ್ತಾರೆ. ಆದರೂ ಆಗಾಗ ಹಚ್ಚುತ್ತೇನೆ. ಫೋನ್ ಕೆಳಗಿಟ್ಟ ಮೇಲೆ ಹುಡುಗಿ ತಲೆ ಎತ್ತದೆ, “ಅಕ್ಕ ಎತ್ತಿದ್ಳೇನ್ರಿ?” ಎಂದು ಕೇಳುತ್ತಾಳೆ.

ಇಲ್ಲ ಎನ್ನುತ್ತೇನೆ.