ಮಗುವನ್ನು ಎತ್ತಿಕೊಳ್ಳದ ನರ್ಸಮ್ಮ

ಗಿರಾಕಿಯನ್ನು ನಾನು ಚಪ್ಪಲಿಯಿಂದ ಅಳೆಯುತ್ತೇನೆ. ನರ್ಸಮ್ಮನ ಚಪ್ಪಲಿಯ ಹಿಮ್ಮಡಿ ಎರಡೂ ಸಮನಾಗಿ ಸವೆದಿತ್ತು: ಬಹಳ ನಡೆಯುವ, ಅವಸರವಿಲ್ಲದ ಹೆಂಗಸು. ವಯಸ್ಸು ಐವತ್ತರ ಆಚೆ, ಮಾತು ಕಮ್ಮಿ. ಹತ್ತು ಥಾನು ಬಟ್ಟೆ ಬಿಚ್ಚಿಸಿ ಏನೂ ಕೊಳ್ಳದೆ ಹೋಗುವ ಜಾತಿ ಎಂದುಕೊಂಡೆ.

ಮನೆಮನೆಗೆ ಹೋಗಿ ಬಾಣಂತಿ, ಕೂಸುಗಳನ್ನು ನೋಡಿಬರುವುದು ಆಕೆಯ ಇಪ್ಪತ್ತು ವರ್ಷದ ಕೆಲಸ. ನಮ್ಮಲ್ಲಿಗೆ ಬಂದದ್ದು ನನ್ನ ಮಗಳಿಗಾಗಿ. ಹೆರಿಗೆಯಾಗಿ ಮೂರು ತಿಂಗಳು. ಕೂಸು ಊರಿಗೆಲ್ಲ ನಗುತ್ತಿತ್ತು, ಹೆತ್ತವಳು ಬಗ್ಗಿದರೆ ಮುಖ ತಿರುಗಿಸುತ್ತಿತ್ತು. "ಅದಕ್ಕೆ ನಾನು ಬೇಡಪ್ಪ" ಎಂದು ಮಗಳು ಗೋಡೆ ಕಡೆ ಮಗ್ಗುಲಾಗುತ್ತಿದ್ದಳು. ಊಟ ತಟ್ಟೆಯಲ್ಲೇ ಆರುತ್ತಿತ್ತು.

ಮನೆಯ ಕೆಳಗೇ ನಮ್ಮ ಬಟ್ಟೆ ಅಂಗಡಿ. ಕೂಸು ಕುಯ್ ಎಂದರೆ ಸಾಕು, ಬಾಣಂತಿ ಮಲಗಲಿ ಎಂದು ನನ್ನ ಹೆಂಡತಿ ಎತ್ತಿಕೊಂಡು ಇಳಿಯುವಳು. ಅವಳಿಂದ ನನಗೆ, ನನ್ನಿಂದ ಗಿರಾಕಿಗಳಿಗೆ. ಹೊಸ ಸೀರೆಯಂತೆ ಕೈಯಿಂದ ಕೈಗೆ.

ನರ್ಸಮ್ಮ ಮೊದಲ ದಿನ ಒಂದು ಗಂಟೆ ಬಾಣಂತಿ ಕೋಣೆಯ ಮೂಲೆಯಲ್ಲಿ ಕೂತು ಬರೀ ನೋಡಿದರು.

"ಎತ್ಕೊಳ್ಳಮ್ಮ, ಕಚ್ಚಲ್ಲ," ಎಂದಳು ನನ್ನ ಹೆಂಡತಿ.

"ಕೈ ಆಗಲೇ ಜಾಸ್ತಿ ಆಗಿವೆ. ನಾಳೆಯಿಂದ ಅತ್ತರೆ ಯಾರೂ ಒಳಗೆ ಬರಬೇಡಿ. ಯಜಮಾನ್ರೆ, ನಿಮಗೂ ಸೇರಿಸಿ ಹೇಳ್ತಿದ್ದೀನಿ."

"ಸುಮ್ನಿರೋಕೆ ನಾವೇನು ಕಲ್ಲಾ?" ಎಂದೆ.

"ಅಳೋರು ಇಬ್ಬರಿದ್ದಾರೆ. ನೀವು ಒಬ್ಬರನ್ನೇ ಎತ್ಕೊಂಡು ಹೋಗ್ತೀರಿ." ಮೆಟ್ಟಿಲಿಳಿಯುತ್ತ ಮೆಲ್ಲಗೆ ಸೇರಿಸಿದರು: "ಡ್ಯೂಟಿ ಅಂತ ನನ್ನ ದೊಡ್ಡವನನ್ನ ಅತ್ತೆ ಕೈಗೆ ಕೊಟ್ಟುಬಿಟ್ಟೆ. ಅವನು ಇವತ್ತಿಗೂ ಕಷ್ಟ ಬಂದ್ರೆ ನನ್ನ ಹತ್ರ ಬರಲ್ಲ."

ಮರುದಿನ ಅಳು ಶುರುವಾಯಿತು. ನಾನು ಮೂರು ಮೆಟ್ಟಿಲು ಹತ್ತಿದೆ, ಎರಡು ಇಳಿದೆ. ಮೂರು ಮೀಟರ್ ಕೇಳಿದವರಿಗೆ ಐದು ಕತ್ತರಿಸಿದೆ. ಹೆಂಡತಿ ಮಡಿಸಿದ್ದನ್ನೇ ಮಡಿಸುತ್ತಿದ್ದಳು. ಮೇಲಿನ ಬಾಗಿಲ ಸಂದಿಯಿಂದ ಮಗಳು, ನರ್ಸಮ್ಮನ ಮಾತು ಕೇಳುತ್ತಿತ್ತು.

"ನಾನು ಎತ್ಕೊಂಡ್ರೆ ಇನ್ನೂ ಜಾಸ್ತಿ ಅಳುತ್ತೆ."

"ನಿನ್ನ ಮಡಿಲಲ್ಲೇ ಅಳಲಿ ಬಿಡು. ಅದು ಮುಖ ತಿರುಗಿಸೋದು 'ನೀನು ಬೇಡ' ಅಂತಲ್ಲ ಕಣೆ, 'ಸ್ವಲ್ಪ ತಾಳಮ್ಮ' ಅಂತ. ಅದರ ಹಿಂದೆ ಬೀಳಬೇಡ. ಅದೇ ತಿರುಗೋವರೆಗೂ ಕಾಯ್ತಾ ಇರು."

ಹೀಗೇ ಹನ್ನೊಂದು ದಿನ. ಹನ್ನೆರಡನೆಯ ದಿನ ಅಳು ಥಟ್ಟನೆ ನಿಂತಿತು. ಏನಾಯಿತೋ ಎಂದು ಓಡಿ ಬಾಗಿಲು ತಳ್ಳಿದೆ. ಮಗಳ ಮಡಿಲಲ್ಲಿದ್ದ ಕೂಸು ಕಿಟಕಿ ಕಡೆ ನೋಡುತ್ತಿತ್ತು. ಮಗಳು ಕರೆಯಲಿಲ್ಲ, ಗಿಲಕಿ ಆಡಿಸಲಿಲ್ಲ, ಕಾದಳು. ಅದು ನಿಧಾನವಾಗಿ ತಿರುಗಿ ಅವಳ ಮುಖದಲ್ಲಿ ಕಣ್ಣು ನೆಟ್ಟು "ಊಂ" ಎಂದಿತು. ಮಗಳೂ "ಊಂ" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ನೊಣ ಅಟ್ಟಿದಂತೆ ಕೈ ಬೀಸಿ ನನ್ನನ್ನು ಹೊರಗಟ್ಟಿದರು.

ನನ್ನ ಮಗಳು ತನ್ನ ಕೂಸಿಗೆ ತಾಯಾದದ್ದು ಆಕೆಯಿಂದ. ಈ ಋಣ ನನ್ನ ಮೇಲಿದೆ.