ಕೊಲ್ಲಾಪುರದಿಂದ ತಂದ ಪೇಪರು

ಹಳೆಯ ಪೇಪರಿಗೆ ಬೆಲೆ ಕಟ್ಟುವ ಕೆಲಸ ನಾನು ಬೇಕೆಂದು ಹಿಡಿದದ್ದಲ್ಲ. ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆ ನಾಣ್ಯ, ಸ್ಟಾಂಪು ಕೊಂಡು ಮಾರುತ್ತಿದ್ದೆ. ಬರಬರುತ್ತ ಜನ ಟ್ರಂಕಿನ ತಳದಿಂದ ಪೇಪರುಗಳನ್ನೂ ತರತೊಡಗಿದರು. ಸ್ವಾತಂತ್ರ್ಯ ಬಂದ ದಿನದ್ದು, ದೊಡ್ಡವರು ತೀರಿಕೊಂಡ ಮರುದಿನದ್ದು, ಮನುಷ್ಯ ಚಂದ್ರನ ಮೇಲೆ ಇಳಿದಾಗಿನ ವಿಶೇಷ ಸಂಚಿಕೆ. ಬಹಳಷ್ಟಕ್ಕೆ ರದ್ದಿಯ ಬೆಲೆಯೇ. ಹಾಗೆಂದು ಹೇಳುವಾಗ ಎದುರಿಗೆ ಕೂತವರ ಮುಖ ನೋಡದೆ, ಕಾಗದವನ್ನೇ ನೋಡುತ್ತ ಹೇಳುವುದು ನನಗೆ ರೂಢಿಯಾಗಿತ್ತು.

ಹೋದ ವರ್ಷ ಮಳೆ ನಿಲ್ಲುವ ಹೊತ್ತಿಗೆ ಹತ್ತಿರದ ಭೋಜ ಗ್ರಾಮದಿಂದ ವಯಸ್ಸಾದ ಗಂಡ ಹೆಂಡತಿ ಬಂದರು. ಗಂಡನ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಒಂದು ಪ್ಲಾಸ್ಟಿಕ್ ಹಾಳೆ, ಅದರೊಳಗೆ ಸ್ವಾತಂತ್ರ್ಯದ ದಿನದ ಮರಾಠಿ ಪೇಪರು.

“ನಮ್ಮಪ್ಪ ಅವತ್ತ ಕೊಲ್ಲಾಪುರದಾಗ ನಿಂತು ತಗೊಂಡಿದ್ದನ್ರಿ,” ಎಂದು ಕಿವಿ ಮಂದವಾದವರು ಮಾತಾಡುವ ಹಾಗೆ ಜೋರಾಗಿ ಹೇಳಿದರು. “ಮನಿಯಾಗ ಯಾರಿಗೂ ಮುಟ್ಟಾಕ ಕೊಟ್ಟಿಲ್ಲ. ವರ್ಷಕ್ಕೊಮ್ಮೆ ಆಗಸ್ಟಿನಾಗ ತಗದು ಊರಾನ ಮಂದಿಗೆ ತೋರಸ್ತೇನಿ. ಬೆಲಿ ಹೇಳ್ರಿ.”

ಹೆಂಡತಿ ಬಾಗಿಲ ಬಳಿ ನೆಲದ ಮೇಲೆ ಕೂತರು. ಕುರ್ಚಿ ಕೊಟ್ಟರೂ ಬೇಡವೆಂದರು.

ಆ ಕಾಲದ ಪೇಪರಿನಲ್ಲಿ ಸೀಸದ ಅಕ್ಷರ ಕಾಗದವನ್ನು ಒತ್ತಿರುತ್ತದೆ. ಹಿಂಬದಿಗೆ ಬೆರಳಾಡಿಸಿದರೆ ಸಣ್ಣ ಉಬ್ಬು ತಾಗುತ್ತದೆ. ಇದರ ಬೆನ್ನು ನುಣ್ಣಗಿತ್ತು. ಅಂಚೇನೋ ಹಳದಿಯಾಗಿತ್ತು, ಆದರೆ ಅಷ್ಟು ಹಳದಿಯಾಗಲು ಇಪ್ಪತ್ತು ಇಪ್ಪತ್ತೈದು ವರ್ಷ ಸಾಕು. ಕೆಳಗಿನ ಅಂಚನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ಅಲ್ಲಿ ಏನು ಅಚ್ಚಾಗಿತ್ತೆಂದು ನನಗೆ ಗೊತ್ತು. ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ ಪೇಪರಿನವರು ಹಳೇ ಸಂಚಿಕೆಯನ್ನೇ ಮತ್ತೆ ಅಚ್ಚು ಹಾಕಿ ಪುಕ್ಕಟೆ ಹಂಚಿದ್ದರು. ಮರುಮುದ್ರಣವೆಂಬ ಒಂದು ಸಾಲು ಅಲ್ಲಿರುತ್ತಿತ್ತು.

“ಕಾಕಾ, ಇದು ಅಸಲಿ ಅಲ್ರಿ. ಆಮ್ಯಾಲಿಂದು,” ಎಂದೆ.

ಅವರಿಗೆ ಕೇಳಿಸಲಿಲ್ಲ. ಬಾಗಿಲ ಬಳಿಯಿಂದ ಹೆಂಡತಿ ಹೇಳಿದರು: “ಜೋರಾಗಿ ಹೇಳ್ರಿ ಅಣ್ಣಾರ.”

ಜೋರಾಗಿ ಹೇಳಿದೆ.

“ಇನ್ನೂ ಜೋರಾಗಿ.”

ಎದುರಿನ ಚಹಾದಂಗಡಿಯವರೆಲ್ಲ ತಿರುಗಿ ನೋಡುವಷ್ಟು ಕೂಗಿದೆ. ಮುದುಕರು ನನ್ನ ಕೈಯಿಂದ ಪೇಪರು ಕಸಿದು ಕಣ್ಣಿಗೆ ಹಿಡಿದರು, ತಿರುಗಿಸಿದರು. “ಹೆಂಗ ಸಾಧ್ಯ ಐತ್ರಿ? ನಮ್ಮಪ್ಪ ಸುಳ್ಳ ಹೇಳ್ಯಾನೇನು?”

“ಮಾವ ಖರೇನ ತಂದಿದ್ರು,” ಎಂದರು ಹೆಂಡತಿ, ನನಗಷ್ಟೇ ಕೇಳುವ ದನಿಯಲ್ಲಿ. “ಅದನ್ನ ನಾನ ನೀರೊಲಿಗಿ ಹಾಕೇನಿ. ಪುಕ್ಕಟೆ ಬಂದಿದ್ದರ ಅಂಚ ಕತ್ತರಿಸಿ ಅದರ ಜಾಗಾದಾಗ ಇಟ್ಟೆ. ಇದನ್ನೂ ಅವರಿಗೆ ನೀವ ಹೇಳ್ರಿ. ನನ್ನ ಮಾತ ಅವರಿಗೆ ಕಿವಿ ಚಲೋ ಇದ್ದಾಗೂ ಕೇಳಿಲ್ಲ.”

ಆಕೆ ನನ್ನ ಮೇಲಿನ ದೃಷ್ಟಿ ತೆಗೆಯಲಿಲ್ಲ. ಮುದುಕರು “ಏನಂತಾಳ? ಏನಂತಾಳ?” ಎಂದು ನನ್ನ ಮಂಡಿ ಅಲುಗಾಡಿಸತೊಡಗಿದರು. ಕೊನೆಗೆ ಅದನ್ನೂ ಕೂಗಿ ಹೇಳಿದೆ.

ಅವರು ಹೆಂಡತಿಯ ಕಡೆ ತಿರುಗಿದರು. “ಯಾಕ?”

ಈಗ ಆಕೆ ತಾವೇ ಎದ್ದು ಬಂದು ಗಂಡನ ಕಿವಿಯ ಹತ್ತಿರ ಬಾಗಿದರು. “ಮಗಳು ಮೆಟ್ರಿಕ್ ಪಾಸಾಗಿದ್ಲು. ಕಾಲೇಜಿಗೆ ಹೆಸರು ಹಚ್ಚಬೇಕಂತ ಮಂದಿ ಮನಿ ತಿರುಗಿ ಪುಸ್ತಕ ಕೂಡಿಸಿದ್ಲು. ಅಕಿ ಅಳಾಕತ್ತಿದ್ರೂ ನೀವು ಎಲ್ಲಾ ರದ್ದಿಯವನ ತಕ್ಕಡ್ಯಾಗ ಸುರಿದ್ರಿ. ಅದ ವರ್ಷ ಶ್ರಾವಣದಾಗ ಸುಟ್ಟೆ. ಅದರ ನೀರಿಲೇನ ನೀವು ಜಳಕಾ ಮಾಡಿದ್ರಿ.”

ಮುದುಕರು ಪೇಪರನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದರು. ಆಮೇಲೆ ನನ್ನನ್ನು ಕೇಳಿದರು: “ಅಸಲಿ ಇದ್ದಿದ್ರ ಏನ ಬರ್ತಿತ್ತರಿ?”

ಇದ್ದದ್ದನ್ನು ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು, “ಎಷ್ಟ ಲುಕ್ಸಾನ ಮಾಡಿದಿ ಬೇ,” ಎಂದು ಅಳತೊಡಗಿದರು. ಮಗಳ ಮಾತು ಅವರ ಬಾಯಿಂದ ಬರಲೇ ಇಲ್ಲ. ಅಳುತ್ತಲೇ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತರು.

ಆಕೆ ನೀರು ಕೇಳಿದರು. ತಂಬಿಗೆ ಕೊಟ್ಟೆ. ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

“ಮಗಳು ಈಗ ಎಲ್ಲಿ ಅದಾರ್ರಿ ಕಾಕೂ?”

“ಶಿರಗುಪ್ಪಿಗೆ ಕೊಟ್ಟೇವ್ರಿ. ಕಬ್ಬಿನ ಹೊಲ, ಉಣ್ಣಾಕ ಉಡಾಕ ಕಡಿಮಿ ಇಲ್ಲ. ನಮ್ಮನಿಗಿ ಬರಂಗಿಲ್ಲ.”

“ನೀವು ಪೇಪರ್ ಸುಟ್ಟಿದ್ದು ಅವರಿಗೆ ಗೊತ್ತೈತ್ರಿ?”

“ಸುಟ್ಟ ದಿನಾನ ಹೇಳಿದೆ. ಖುಷಿ ಆಗ್ತಾಳಂತ ತಿಳಿದಿದ್ದೆ.” ತಂಬಿಗೆಯನ್ನು ನೆಲಕ್ಕಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು. “‘ಅವತ್ತ ಪುಸ್ತಕಾ ಒಯ್ಯಾಕ ಬಂದಾಗ ಬಾಗಲದಾಗ ಅಡ್ಡ ನಿಂದರಬೇಕಿತ್ತವ್ವಾ. ಕಾಗದಾ ಸುಟ್ರ ನನಗೇನ ಬಂತು?’ ಅಂದ್ಲು.”

ಹೊರಗಿನಿಂದ ಮುದುಕರು ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು. “ಬರ್ತೇನ್ರಿ,” ಎಂದು ಆಕೆ ಎದ್ದರು. ಕಟ್ಟೆಯಿಂದ ಇಳಿಯಲು ಗಂಡ ಕೈ ಚಾಚಿದರು. ಆಕೆ ಹಿಡಿಯಲಿಲ್ಲ, ಗಂಡ ತಾವಾಗಿ ಗೋಡೆ ಹಿಡಿದು ಇಳಿಯುವವರೆಗೆ ಪಕ್ಕದಲ್ಲಿ ನಿಂತು ನೋಡಿದರು.