ಹದಿನೇಳನೆಯ ಮೆಟ್ಟಿಲು

2024ರ ಮಾರ್ಚ್ 9, ಶನಿವಾರ, ಬೆಳಗಿನ 5 ಗಂಟೆ 40 ನಿಮಿಷ. ಹಳೆಯ ಕಾವಲುಗೋಪುರದ ಹದಿನೇಳನೆಯ ಮೆಟ್ಟಿಲ ಮುಂದೆ ಮಂಡಿಯೂರಿ ಕುಳಿತ ಹೆಂಗಸು ಒದ್ದೆ ಬಟ್ಟೆಯನ್ನು ಕಲ್ಲಿಗೆ ಒತ್ತಿ, ಮರಳಿನ ಕಣಗಳನ್ನು ಎತ್ತುತ್ತಿದ್ದಾರೆ. "ಒರೆಸಿದ್ರೆ ಮರಳು ಕಲ್ಲನ್ನ ತಿನ್ನುತ್ತೆ," ಎನ್ನುತ್ತಾರೆ ತಲೆಯೆತ್ತದೆ.

ಐವತ್ತೆಂಟು ವರ್ಷದ ಈ ಜಾಡಮಾಲಿಯನ್ನು ಎಲ್ಲರೂ ಕರೆಯುವುದು 'ಮೆಟ್ಟಿಲಮ್ಮ' ಎಂದೇ. ಗೋಪುರಕ್ಕೆ 112 ಮೆಟ್ಟಿಲು, ದಿನಕ್ಕೆ ಸುಮಾರು ಒಂಬೈನೂರು ಜನ. ಮೇಲೆ ದೇವರಿಲ್ಲ, ನಾಲ್ಕು ಕಿಟಕಿ, ಗಾಳಿ, ಅಷ್ಟೇ. ಆದರೂ ಹತ್ತುವವರ ದನಿ ತಾನಾಗಿ ತಗ್ಗುತ್ತದೆ. ನಿವೃತ್ತ ದರ್ಜಿಯೊಬ್ಬರು ತೀರಿಕೊಂಡ ಹೆಂಡತಿಯ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಪ್ರತಿ ವರ್ಷ ಬರುತ್ತಾರೆ. "ಯಾತ್ರೆ ಅಂದ್ರೆ ಇನ್ನೇನು ಹೇಳಿ?" ಎಂದು ಮೆಟ್ಟಿಲಮ್ಮ ಕೇಳುತ್ತಾರೆ.

ತಲೆತಲಾಂತರದ ಪಾದಗಳು ಹದಿನೇಳನೆಯ ಮೆಟ್ಟಿಲ ನಡುವನ್ನು ಬಟ್ಟಲಿನಂತೆ ಸವೆಸಿವೆ. ಪ್ರತಿ ಮಾರ್ಚ್‌ನಲ್ಲಿ ಎಂಜಿನಿಯರ್ ಅದರ ಆಳ ಅಳೆಯುತ್ತಾರೆ. 39 ಮಿಲಿಮೀಟರ್ ದಾಟಿದರೆ ಗೋಪುರದ ಬಾಗಿಲಿಗೆ ಬೀಗ. ಹೋದ ವರ್ಷದ ಆಳ 38.2, ಅದರ ಹಿಂದಿನ ವರ್ಷಕ್ಕಿಂತ 1.1 ಹೆಚ್ಚು.

"ಅದ್ರಲ್ಲಿ ನನ್ನ ಪಾಲೂ ಇದೆ," ಎನ್ನುತ್ತಾರೆ ಮೆಟ್ಟಿಲಮ್ಮ. "ಪಾಚಿ ಹೋಗ್ಲಿ ಅಂತ ಹನ್ನೊಂದು ವರ್ಷ ಮರಳು ಹಾಕಿ ಉಜ್ಜಿದೆ. ಪಾತ್ರೆ ತಿಕ್ಕೋ ಕೈ ನೋಡಿ! ಫಳಫಳ ಅಂತಿತ್ತು, ಹಿಗ್ಗಿ ಹೀರೇಕಾಯಿ ಆಗಿದ್ದೆ. ಮರಳೇ ಕಲ್ಲನ್ನ ಸವೆಸ್ತಿದೆ ಅಂತ ಹೋದ ವರ್ಷ ಎಂಜಿನಿಯರ್ ಹೇಳಿದಾಗ ಎರಡು ದಿನ ಊಟ ಸೇರ್ಲಿಲ್ಲ."

ಮರಳು ಅಂದೇ ಹೊರಗೆ ಹೋಯಿತು. ಮೆಟ್ಟಿಲ ನಡುವಿಗೆ ಅಡ್ಡವಾಗಿ ಹಗ್ಗ ಬಂತು: ಒಂದು ವಾರ ಜನ ಎಡಕ್ಕೆ, ಮರುವಾರ ಬಲಕ್ಕೆ. ಬಾಗಿಲಲ್ಲಿ ನಾರಿನ ಚಾಪೆ. ಚಪ್ಪಲಿ ಕೊಡವದವರಿಗೆ ಪ್ರವೇಶವಿಲ್ಲ.

"ನಡುವೆ ಯಾಕೆ ಹೋಗಬಾರ್ದಮ್ಮ?" ಎಂದು ಯಾರೋ ರೇಗಿದರೆ, "ಅದನ್ನ ನಿಮ್ಮಜ್ಜಂದಿರು ಸವೆಸಿ ಹೋದ್ರಪ್ಪ. ನಿಮ್ಮ ಪಾಲು ಪಕ್ಕದಲ್ಲಿದೆ, ಹತ್ತಿ," ಎಂಬ ಉತ್ತರ ಸಿದ್ಧ.

6 ಗಂಟೆ 20ಕ್ಕೆ ಎಂಜಿನಿಯರ್ ಬರುತ್ತಾರೆ. ಮೆಟ್ಟಿಲ ಮೇಲೆ ಉಕ್ಕಿನ ಪಟ್ಟಿಯಿಟ್ಟು, ಸವೆದ ಗುಳಿಯೊಳಕ್ಕೆ ಅಳತೆಕಡ್ಡಿ ಇಳಿಸುತ್ತಾರೆ. ಮೆಟ್ಟಿಲಮ್ಮ ಸೆರಗಿನ ತುದಿ ಹಿಂಡುತ್ತಿದ್ದಾರೆ.

"ಉಸಿರಾದ್ರೂ ಬಿಡಿ ಅಮ್ಮಾ."

"ನೀವು ಮೊದ್ಲು ಓದಿ ಸಾರ್, ಆಮೇಲೆ ಬಿಡ್ತೀನಿ. ಆ ದರ್ಜಿ ಯಜಮಾನ್ರು ಮುಂದಿನ ತಿಂಗಳು ಬರ್ತಾರೆ. ಬೀಗ ತೋರಿಸೋಕೆ ನನ್ನ ಕೈಲಾಗಲ್ಲ."

ಎಂಜಿನಿಯರ್ ಮೂರು ಸಲ ಅಳೆಯುತ್ತಾರೆ. ಮೂರು ಸಲವೂ ಒಂದೇ ಅಂಕಿ: 38.4 ಮಿಲಿಮೀಟರ್.